ಹಿಮ ಬೇಕಾದರೆ ಚಳಿ ನೋಡಬೇಡಿ, ಮೋಡ ನೋಡಿ

ನವೆಂಬರ್ ಮುಗಿಯುತ್ತಿದ್ದ ಹಾಗೆ ಚಿಕ್ಕಬಳ್ಳಾಪುರದ ನಮ್ಮ ಬೀದಿಯಲ್ಲಿ ನನಗೊಂದು ಪ್ರಶ್ನೆ ತಪ್ಪದೆ ಬರುತ್ತದೆ. "ಅಣ್ಣಾ, ಮಕ್ಕಳಿಗೆ ಕ್ರಿಸ್‌ಮಸ್ ರಜಾ ಇದೆ. ಕಾಶ್ಮೀರದ ಗುಲ್ಮಾರ್ಗ್‌ಗೆ ಹೋದ್ರೆ ಹಿಮ ಸಿಗುತ್ತಾ?" ನಾನು ಎರಡು ಸಲ ಹೋಗಿ ಬಂದಿದ್ದೇನೆ, ಅದಕ್ಕೆ ಕೇಳುತ್ತಾರೆ.

ಮೊದಲ ಸಲ ಹೋಗಿದ್ದು 2024ರ ಜನವರಿ ಎರಡನೇ ವಾರ. ವರ್ಷದಲ್ಲೇ ಅತಿ ಚಳಿಯ ದಿನಗಳು ಅಂತ ಲೆಕ್ಕ ಹಾಕಿ ಟಿಕೆಟ್ ತೆಗೆದಿದ್ದೆವು. ಚಳಿಗೇನೂ ಕಡಿಮೆ ಇರಲಿಲ್ಲ. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ನೀರು ಬರುತ್ತಿರಲಿಲ್ಲ, ಪೈಪಿನೊಳಗೇ ಗಟ್ಟಿಯಾಗಿರುತ್ತಿತ್ತು. ಆದರೆ ಕಣ್ಣು ಹಾಯಿಸಿದ ಕಡೆಯೆಲ್ಲ ಒಣಹುಲ್ಲು. ನಮ್ಮ ಬಾಗೇಪಲ್ಲಿ ಕಡೆಯ ಗೋಮಾಳ ಮಾರ್ಚ್‌ನಲ್ಲಿ ಹೇಗಿರುತ್ತದೋ ಹಾಗೆ. ಮಕ್ಕಳ ಮುಖ ನೋಡಲಾಗಲಿಲ್ಲ. ಕುದುರೆ ಹಿಡಿದು ನಿಂತಿದ್ದ ಒಬ್ಬ ಹಿರಿಯರನ್ನು ಕೇಳಿದೆ. ಅವರು ಪಡುವಣ ದಿಕ್ಕಿಗೆ ಕೈ ತೋರಿಸಿ, ಮೋಡ ಬಂದಿಲ್ಲ ಅಂದರು. ಅಷ್ಟೇ.

ಆ ಮಾತು ಅರ್ಥವಾಗಲು ನನಗೆ ಸ್ವಲ್ಪ ಕಾಲ ಬೇಕಾಯಿತು. ಹಿಮ ಅಂದರೆ ಫ್ರಿಜ್ಜಿನ ಐಸ್ ಥರ, ತಣ್ಣಗಾದರೆ ತಾನೇ ಆಗುತ್ತದೆ ಅನ್ನುವುದು ನಮ್ಮ ತಲೆಯಲ್ಲಿ ಕೂತಿರುವ ಲೆಕ್ಕ. ಆದರೆ ಹಿಮ ಅಂದರೆ ಮಳೆ. ಚಳಿ ಇರುವ ಕಡೆ ಬೀಳುವ ಮಳೆ. ಕೋಲಾರ, ಚಿಕ್ಕಬಳ್ಳಾಪುರದವರಿಗೆ ಇದನ್ನು ಜಾಸ್ತಿ ಹೇಳಬೇಕಿಲ್ಲ ಅಲ್ವಾ? ಹೊಲ ಉತ್ತು ಬಿತ್ತನೆಗೆ ಸಿದ್ಧ ಮಾಡಿಟ್ಟ ಮಾತ್ರಕ್ಕೆ ಮಳೆ ಬರುವುದಿಲ್ಲ. ಚಳಿ ಮಾಡುವುದು ಹೊಲ ಹದ ಮಾಡುವ ಕೆಲಸ ಅಷ್ಟೇ. ನೀರು ಹೊತ್ತ ಮೋಡ ಬೇರೆ ಕಡೆಯಿಂದ ಬರಬೇಕು.

ನಮ್ಮ ಮಾತಿನಲ್ಲೇ ಒಂದು ಗೊಂದಲ ಇದೆ. ನಂದಿ ಬೆಟ್ಟದಲ್ಲಿ ಬೆಳಗಿನ ಜಾವ ತೇಲುವುದಕ್ಕೂ ಮಂಜು ಅಂತೀವಿ, ಕಾಶ್ಮೀರದಲ್ಲಿ ಬೀಳುವುದಕ್ಕೂ ಮಂಜು ಅಂತೀವಿ. ನಮ್ಮ ಗಡಿ ಹಳ್ಳಿಗಳ ತೆಲುಗಿನಲ್ಲೂ ಎರಡಕ್ಕೂ ಒಂದೇ ಪದ, ಮಂಚು. ಆದರೆ ನಂದಿಯ ಮಂಜು ನೆಲಕ್ಕೆ ಇಳಿದ ಮೋಡ, ಬರೀ ಸಣ್ಣ ನೀರಹನಿ. ಹಿಮ ಅಂದರೆ ಮೋಡದೊಳಗೆ ನೀರಾವಿ ನೇರವಾಗಿ ಹರಳುಗಟ್ಟಿ, ಆ ಹರಳುಗಳು ಒಂದಕ್ಕೊಂದು ಅಂಟಿಕೊಂಡು ಬೀಳುವುದು. ಇನ್ನು ನಮ್ಮ ದ್ರಾಕ್ಷಿ ತೋಟಗಳನ್ನು ಏಪ್ರಿಲ್, ಮೇ ತಿಂಗಳಲ್ಲಿ ಹಾಳು ಮಾಡುವ ಆಲಿಕಲ್ಲು ಮೂರನೆಯದು. ಗುಡುಗಿನ ಮೋಡದೊಳಗೆ ಗಾಳಿ ಅದನ್ನು ಮೇಲಕ್ಕೆ ಎತ್ತುತ್ತದೆ, ನೀರು ಮೆತ್ತಿಕೊಂಡು ಗಟ್ಟಿಯಾಗುತ್ತದೆ, ಹೀಗೆ ದಪ್ಪ ಆಗುತ್ತಾ ಹೋಗುತ್ತದೆ. ಚಿಕ್ಕವನಿದ್ದಾಗ ನಮ್ಮಜ್ಜಿ ಒಂದು ದಪ್ಪ ಆಲಿಕಲ್ಲನ್ನು ಈಳಿಗೆಮಣೆಯಲ್ಲಿ ಎರಡು ಹೋಳು ಮಾಡಿ ತೋರಿಸಿದ್ದರು. ಒಳಗೆ ಈರುಳ್ಳಿ ಥರ ಪದರ ಪದರ. ಹಿಮದಲ್ಲಿ ಆ ಪದರ ಇರುವುದಿಲ್ಲ.

ಒಂದು ಸಂಗತಿ ತಿಳಿದಾಗ ನನಗೆ ನಿಜಕ್ಕೂ ಬೆರಗಾಯಿತು. ನಮ್ಮ ಊರಿನ ಮೇಲೂ ಹಿಮ ಇದೆ! ಗುಡುಗಿನ ಮಳೆ ಬರುವಾಗ ಮೋಡದ ಮೇಲಿನ ಭಾಗದಲ್ಲಿ ಇರುವುದು ಹಿಮದ ಹರಳುಗಳೇ. ನಮ್ಮ ಕಡೆ ಆಕಾಶದಲ್ಲಿ ಉಷ್ಣಾಂಶ ಸೊನ್ನೆಗೆ ಇಳಿಯುವುದು ಸುಮಾರು ನಾಲ್ಕೂವರೆ, ಐದು ಕಿಲೋಮೀಟರ್ ಎತ್ತರದಲ್ಲಿ. ನಂದಿ ಬೆಟ್ಟದ ತುದಿ 1,478 ಮೀಟರ್. ಅಷ್ಟು ದೂರ ಬೀಳುವಷ್ಟರಲ್ಲಿ ಹರಳು ಕರಗಿ ನೀರಾಗಿರುತ್ತದೆ. ಗುಲ್ಮಾರ್ಗ್ ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ, ನಮಗಿಂತ ಎಷ್ಟೋ ಉತ್ತರಕ್ಕೆ. ಚಳಿಗಾಲದಲ್ಲಿ ಅಲ್ಲಿ ಸೊನ್ನೆ ಡಿಗ್ರಿ ನೆಲದ ಹತ್ತಿರಕ್ಕೇ ಇಳಿದಿರುತ್ತದೆ. ಹರಳಿಗೆ ಕರಗಲು ದಾರಿಯೇ ಸಿಗುವುದಿಲ್ಲ.

ಎತ್ತರದ ಲೆಕ್ಕ ಸುಲಭ. ಸಾವಿರ ಮೀಟರ್ ಮೇಲೆ ಹೋದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಚಿಕ್ಕಬಳ್ಳಾಪುರ ಪೇಟೆಯಿಂದ ನಂದಿ ತುದಿಗೆ ಐನೂರು ಚಿಲ್ಲರೆ ಮೀಟರ್ ಏರಿಕೆ. ಅಲ್ಲಿಗೆ ಮೂರು, ಮೂರೂವರೆ ಡಿಗ್ರಿ ವ್ಯತ್ಯಾಸ. ಅದಕ್ಕೇ ಕೆಳಗೆ ಬೇಡ ಅನಿಸಿದ ಸ್ವೆಟರ್ ಮೇಲೆ ಬೇಕಾಗುತ್ತದೆ. ಗುಲ್ಮಾರ್ಗ್ ಹತ್ತುವ ಮೊದಲು ತಂಗ್ಮಾರ್ಗ್ ಅಂತ ಊರು ಸಿಗುತ್ತದೆ. ಅಲ್ಲಿಂದ ಗುಲ್ಮಾರ್ಗ್‌ಗೂ ಹೆಚ್ಚುಕಡಿಮೆ ಅಷ್ಟೇ ಏರಿಕೆ. ನಮಗೆ ಬರೀ ಸ್ವೆಟರಿನ ವಿಷಯವಾದ ಆ ಮೂರು ಡಿಗ್ರಿ, ಅಲ್ಲಿ ತಂಗ್ಮಾರ್ಗ್‌ನಲ್ಲಿ ಮಳೆ, ಗುಲ್ಮಾರ್ಗ್‌ನಲ್ಲಿ ಹಿಮ ಅಂತ ಬೇರೆ ಮಾಡಿಬಿಡುತ್ತದೆ.

ಹಾಗಾದರೆ ಆ ಮೋಡ ಬರುವುದು ಎಲ್ಲಿಂದ? ಕಾಶ್ಮೀರಕ್ಕೆ ಚಳಿಗಾಲದ ಹಿಮ ಕೊಡುವುದು ನಮ್ಮ ಮುಂಗಾರೂ ಅಲ್ಲ, ಹಿಂಗಾರೂ ಅಲ್ಲ. ಹವಾಮಾನ ಇಲಾಖೆಯವರು ವೆಸ್ಟರ್ನ್ ಡಿಸ್ಟರ್ಬೆನ್ಸ್ ಅಂತಾರೆ. ಸುಮ್ನೆ ಪಡುವಣ ಮಳೆ ಅಂದುಕೊಳ್ಳೋಣ. ಮೆಡಿಟರೇನಿಯನ್ ಸಮುದ್ರದ ಕಡೆ ಗಾಳಿಯಲ್ಲಿ ಒಂದು ಅಲೆ ಏಳುತ್ತದೆ. ಆಕಾಶದ ತುಂಬ ಮೇಲೆ, ವಿಮಾನಗಳು ಹಾರುವ ಮಟ್ಟದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಗಾಳಿ ಜೋರಾಗಿ ಹರಿಯುತ್ತಿರುತ್ತದೆ. ಚಳಿಗಾಲದಲ್ಲಿ ಈ ಗಾಳಿಯ ದಾರಿ ದಕ್ಷಿಣಕ್ಕೆ ಸರಿದು ಹಿಮಾಲಯದ ಮೇಲೇ ಹಾದುಹೋಗುತ್ತದೆ. ಅಲೆ ಅದರ ಜೊತೆ ಇರಾನ್, ಆಫ್ಘಾನಿಸ್ತಾನ, ಪಾಕಿಸ್ತಾನ ದಾಟಿಕೊಂಡು ಬರುತ್ತದೆ. ಬರುವಾಗ ಮೆಡಿಟರೇನಿಯನ್, ಕ್ಯಾಸ್ಪಿಯನ್, ಕೊನೆಗೆ ನಮ್ಮ ಅರಬ್ಬೀ ಸಮುದ್ರದಿಂದಲೂ ತೇವ ಎಳೆದುಕೊಳ್ಳುತ್ತದೆ. ಪೀರ್ ಪಂಜಾಲ್ ಬೆಟ್ಟಸಾಲು ಅಡ್ಡ ಸಿಕ್ಕಾಗ ಮೇಲೇರಿ, ತಣ್ಣಗಾಗಿ, ಹೊತ್ತು ತಂದದ್ದನ್ನು ಅಲ್ಲಿ ಸುರಿಯುತ್ತದೆ. ಪಂಜಾಬಿನ ಗೋಧಿಗೆ ಚಳಿಗಾಲದಲ್ಲಿ ಬೀಳುವ ಮಳೆಯೂ ಇದರದ್ದೇ.

ಚಳಿಗಾಲದ ಒಂದು ತಿಂಗಳಲ್ಲಿ ಸಾಮಾನ್ಯವಾಗಿ ಇಂಥ ನಾಲ್ಕರಿಂದ ಆರು ಅಲೆ ಬರುತ್ತವೆ. ಎಲ್ಲವೂ ಗಟ್ಟಿ ಅಲ್ಲ. ಕೆಲವು ಬರೀ ಮೋಡ ತೋರಿಸಿ ಹೋಗುತ್ತವೆ, ಕೆಲವು ಉತ್ತರಕ್ಕೆ ಜಾರಿಬಿಡುತ್ತವೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ಸುದ್ದಿ ಬಂದಾಗ ನಾವು ಕಾಯುವುದಿಲ್ಲವೇ, ನೆಲ್ಲೂರಿನ ಕಡೆ ತಿರುಗಿತಾ, ಚೆನ್ನೈ ಕಡೆ ಬಂತಾ ಅಂತ? ಅದೇ ಕಾಯುವಿಕೆ. ನಾವು ಹೋಗಿದ್ದ ಆ ಜನವರಿ, ಪೆಸಿಫಿಕ್ ಸಾಗರದ ನೀರು ಬಿಸಿಯಾಗುವ ಎಲ್ ನಿನೊ ಇದ್ದ ಚಳಿಗಾಲ. ಗಟ್ಟಿ ಅಲೆಗಳು ಬರಲೇ ಇಲ್ಲ. ತಿಂಗಳ ಕೊನೆಯ ದಿನಗಳಲ್ಲಿ ಹಿಮ ಶುರುವಾಯಿತು. ಅಷ್ಟರಲ್ಲಿ ನಾವು ವಾಪಸ್ ಬಂದು ಊರಲ್ಲಿ ಸಂಕ್ರಾಂತಿ ಎಳ್ಳು ಬೀರಿ ಆಗಿತ್ತು.

ನಮ್ಮಲ್ಲಿ ಮಳೆಗೆ ನಕ್ಷತ್ರದ ಹೆಸರು ಇದೆ. ರೋಹಿಣಿ, ಆರಿದ್ರಾ, ಹಸ್ತಾ, ಚಿತ್ತಾ. ಯಾವ ಮಳೆ ಬಂದರೆ ಯಾವ ಬೆಳೆಗೆ ಒಳ್ಳೆಯದು ಅಂತ ಹಿರಿಯರು ಬಾಯಲ್ಲೇ ಹೇಳುತ್ತಾರೆ. ಕಾಶ್ಮೀರದವರು ಚಳಿಗೆ ಇಂಥದ್ದೇ ಹೆಸರು ಇಟ್ಟುಕೊಂಡಿದ್ದಾರೆ. ಡಿಸೆಂಬರ್ 21ರಿಂದ 40 ದಿನ ಚಿಲ್ಲಾಯ್ ಕಲಾನ್, ಅಂದರೆ ದೊಡ್ಡ ಚಳಿ. ಅದು ಮುಗಿದ ಮೇಲೆ 20 ದಿನ ಚಿಲ್ಲಾಯ್ ಖುರ್ದ್, ಸಣ್ಣ ಚಳಿ. ಆಮೇಲೆ 10 ದಿನ ಚಿಲ್ಲಾಯ್ ಬಚ್ಚಾ, ಮರಿ ಚಳಿ. ದೊಡ್ಡ ಚಳಿಯಲ್ಲಿ ಬಿದ್ದ ಹಿಮ ಕರಗದೆ ಕೂರುತ್ತದೆ. ಹಗಲಲ್ಲೂ ಸೊನ್ನೆಯ ಆಸುಪಾಸು, ರಾತ್ರಿ ಸೊನ್ನೆಗಿಂತ ಎಂಟು ಹತ್ತು ಡಿಗ್ರಿ ಕೆಳಗೆ. ಮರಿ ಚಳಿಯಲ್ಲಿ ಬಿದ್ದದ್ದು ಬೇಗ ಕರಗಿ ಹರಿದುಹೋಗುತ್ತದೆ.

ಅಲ್ಲಿಯ ಜನಕ್ಕೆ ಇದು ಬರೀ ಪ್ರವಾಸಿಗರ ವಿಷಯ ಅಲ್ಲ. ನಮಗೆ ಕೆರೆ ಹೇಗೋ ಅವರಿಗೆ ಬೆಟ್ಟದ ಮೇಲಿನ ಹಿಮ ಹಾಗೆ. ಚಳಿಗಾಲದಲ್ಲಿ ತುಂಬಿಕೊಳ್ಳಬೇಕು, ಬೇಸಿಗೆಯಲ್ಲಿ ನಿಧಾನ ಬಿಟ್ಟುಕೊಡಬೇಕು. ಝೀಲಂ ನದಿ, ಸೇಬಿನ ತೋಟ, ಕುಡಿಯುವ ನೀರಿನ ಬುಗ್ಗೆ ಎಲ್ಲ ಅದರ ಮೇಲೇ ನಿಂತಿವೆ. ಕೆರೆ ಖಾಲಿ ಆದಾಗ ಬೋರ್‌ವೆಲ್ ಏನಾಗುತ್ತದೆ ಅಂತ ಗೊತ್ತಿರುವ ಊರಿನಿಂದ ಹೋದ ನನಗೆ, ಒಣಹುಲ್ಲಿನ ಆ ಬಯಲು ನೋಡಿದಾಗ ಮಕ್ಕಳ ಬೇಸರಕ್ಕಿಂತ ಈ ಯೋಚನೆ ಜಾಸ್ತಿ ಕಾಡಿತು.

ಈಗ ತಿಂಗಳುಗಳಿಗೆ ಬರೋಣ. ನವೆಂಬರ್ ಕೊನೆಗೆ ಮೊದಲ ಹಿಮ ಬೀಳುವುದುಂಟು, ಆದರೆ ನಿಲ್ಲುವುದು ಖಾತ್ರಿ ಇಲ್ಲ. ಡಿಸೆಂಬರ್‌ನಲ್ಲಿ ಅಡಿಪಾಯ ಬೀಳುತ್ತದೆ. ಬಂಡೆ, ಪೊದೆ, ಹುಲ್ಲು ಮುಚ್ಚುವಷ್ಟು ಆಗದೆ ಸ್ಕೀಯಿಂಗ್, ಅಂದರೆ ಕಾಲಿಗೆ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಆಟ, ನಡೆಯುವುದಿಲ್ಲ. ಕ್ರಿಸ್‌ಮಸ್ ಹೊತ್ತಿಗೆ ಒಳ್ಳೆಯ ಹಿಮ ಸಿಗುವ ವರ್ಷಗಳೂ ಇವೆ, ಕೈಕೊಡುವ ವರ್ಷಗಳೂ ಇವೆ. ಜನವರಿ ಕೊನೆಯಿಂದ ಫೆಬ್ರವರಿ ಇಡೀ ತಿಂಗಳು ಲೆಕ್ಕ ನಿಮ್ಮ ಕಡೆ ಇರುತ್ತದೆ. ಅಷ್ಟು ಹೊತ್ತಿಗೆ ಹಲವು ಅಲೆಗಳು ಬಂದು ಹೋಗಿರುತ್ತವೆ, ಒಂದು ತಪ್ಪಿದರೂ ಹಳೆಯ ಹಿಮ ನೆಲದಲ್ಲಿ ಉಳಿದಿರುತ್ತದೆ.

ಆದರೂ ಗ್ಯಾರಂಟಿ ಇಲ್ಲ. 2025ರಲ್ಲಿ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ಫೆಬ್ರವರಿ ಕೊನೆಗೆ ನಡೆಯಬೇಕಿತ್ತು. ಹಿಮ ಸಾಲದೆ ಮುಂದಕ್ಕೆ ಹೋಗಿ ಮಾರ್ಚ್ 9ರಿಂದ 12ರವರೆಗೆ ನಡೆಯಿತು. ಆ ವರ್ಷ ಹಿಮ ಸುರಿದದ್ದು ಶಿವರಾತ್ರಿ ಆಸುಪಾಸಿನಲ್ಲಿ. ನಮ್ಮಲ್ಲಿ ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಅಂತಾರೆ. ಕಾಶ್ಮೀರಿ ಪಂಡಿತರು ಶಿವರಾತ್ರಿಯನ್ನು ಹೆರಾತ್ ಅಂತ ಮಾಡುತ್ತಾರೆ, ಹೆರಾತ್‌ಗೆ ಹಿಮ ಬೀಳಬೇಕು ಅನ್ನುವುದು ಅವರ ಹಳೆಯ ನಂಬಿಕೆ. ಒಂದೇ ಹಬ್ಬ, ಎರಡು ಹವಾಮಾನ. ನನ್ನ ಎರಡನೇ ಪ್ರವಾಸ ಆ ಮಾರ್ಚ್ ಮೊದಲ ವಾರದಲ್ಲಿ. ಹಿಂದಿನ ವರ್ಷ ಒಣಹುಲ್ಲು ಕಂಡಿದ್ದ ಜಾಗದಲ್ಲಿ ಬೇಲಿಯ ಕಂಬಗಳು ಅರ್ಧ ಹೂತು ನಿಂತಿದ್ದವು.

ಹಿಮ ಇದ್ದ ಮಾತ್ರಕ್ಕೆ ಎಲ್ಲ ಹಿಮವೂ ಒಂದೇ ಅಲ್ಲ. ಇದನ್ನು ನಮ್ಮವರಿಗೆ ರಾಗಿ ಹಿಟ್ಟಿನಲ್ಲಿ ಹೇಳುವುದು ಸುಲಭ. ಕಡು ಚಳಿಯಲ್ಲಿ ಬಿದ್ದ ಹೊಸ ಹಿಮ ಜರಡಿ ಹಿಡಿದ ಹಿಟ್ಟಿನ ಹಾಗೆ ಹಗುರ. ಊದಿದರೆ ಹಾರುತ್ತದೆ, ಉಂಡೆ ಕಟ್ಟಲು ಬರುವುದಿಲ್ಲ. ಸ್ಕೀ ಮಾಡುವವರು ಪೌಡರ್ ಅನ್ನುವುದು ಇದಕ್ಕೆ. ಗುಲ್ಮಾರ್ಗ್‌ಗೆ ದೇಶ ವಿದೇಶದಿಂದ ಜನ ಬರುವುದು ಇದಕ್ಕಾಗಿ. ಮಾರ್ಚ್ ಬಂದು ಬಿಸಿಲು ಏರಿದಾಗ ಅದೇ ಹಿಟ್ಟಿಗೆ ನೀರು ಬೀಳುತ್ತದೆ, ಮುದ್ದೆ ಆಗುತ್ತದೆ. ಮಕ್ಕಳಿಗೆ ಉಂಡೆ ಕಟ್ಟಿ ಎಸೆಯಲು, ಹಿಮದ ಬೊಂಬೆ ಮಾಡಲು ಮುದ್ದೆ ಹದವೇ ಬೇಕು. ಹೊಸದಾಗಿ ಸ್ಕೀ ಕಲಿಯುವವರಿಗೆ ಒತ್ತಿ ಸಮ ಮಾಡಿದ ಇಳಿಜಾರು ಸಾಕು, ಮಂಡಿ ಮುಳುಗುವ ಪೌಡರ್ ಅವರಿಗೆ ಕಷ್ಟವೇ. ಹಾಗಾಗಿ ಯಾವುದು ಒಳ್ಳೆಯ ಹಿಮ ಅನ್ನುವುದು ನೀವು ಅಲ್ಲಿ ಏನು ಮಾಡಲು ಹೋಗಿದ್ದೀರಿ ಅನ್ನುವುದರ ಮೇಲಿದೆ.

ಹೊಸ ಹಿಮ ಎಷ್ಟು ಟೊಳ್ಳು ಅಂತ ನೋಡಲು ರೂಮಿನ ಹೊರಗಿಂದ ಒಂದು ಸ್ಟೀಲ್ ಲೋಟದ ತುಂಬ ತಂದು ಹೀಟರ್ ಪಕ್ಕ ಇಟ್ಟೆ. ಒತ್ತಿರಲಿಲ್ಲ, ಹಾಗೇ ತುಂಬಿದ್ದೆ. ಕರಗಿದ ಮೇಲೆ ತಳದಲ್ಲಿ ಒಂದು ಗುಟುಕು ನೀರು! ಸಾಮಾನ್ಯ ಲೆಕ್ಕ ಅಂದರೆ 10 ಸೆಂಟಿಮೀಟರ್ ಹೊಸ ಹಿಮಕ್ಕೆ 1 ಸೆಂಟಿಮೀಟರ್ ನೀರು. ಉಳಿದದ್ದೆಲ್ಲ ಗಾಳಿ. ಆ ಗಾಳಿಯಿಂದಲೇ ಹಿಮ ಬಿದ್ದ ಊರು ಅಷ್ಟು ನಿಶ್ಶಬ್ದವಾಗಿರುವುದು, ಶಬ್ದವನ್ನು ಅದು ಹತ್ತಿಯ ಹಾಗೆ ಹೀರಿಕೊಳ್ಳುತ್ತದೆ.

ಮಾರ್ಚ್‌ನಲ್ಲಿ ಹಿಮಕ್ಕೆ ದಿನದ ಗಡಿಯಾರವೂ ಇದೆ. ರಾತ್ರಿ ಹೆಪ್ಪುಗಟ್ಟಿದ ಮೇಲ್ಪದರ ಬೆಳಿಗ್ಗೆ ಎಂಟಕ್ಕೆ ಗಾಜಿನ ಹಾಗೆ ಗಟ್ಟಿ, ಕಾಲಿಟ್ಟರೆ ಜಾರುತ್ತದೆ. ಹತ್ತು, ಹನ್ನೊಂದಕ್ಕೆ ಸಕ್ಕರೆ ಹರಳಿನ ಥರ ಸಡಿಲ ಆಗುತ್ತದೆ, ಜಾರಲು ಅದೇ ಒಳ್ಳೆಯ ಹೊತ್ತು. ಮಧ್ಯಾಹ್ನದ ಮೇಲೆ ರಾಡಿ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ಬೇಗ ಕರಗುತ್ತದೆ. ಉತ್ತರದ ಮುಖ ನೆರಳಲ್ಲಿ ಇರುವುದರಿಂದ ಹಿಮ ತುಂಬಾ ದಿನ ಉಳಿಯುತ್ತದೆ.

ಇನ್ನೊಂದು ಮಾತು. ಹಿಮ ಬೀಳುವ ರಾತ್ರಿ ಅತಿ ಚಳಿಯ ರಾತ್ರಿ ಅಲ್ಲ. ಮೋಡ ಕಂಬಳಿ ಹೊದಿಸಿದ ಹಾಗೆ ನೆಲದ ಕಾವನ್ನು ಹಿಡಿದಿಡುತ್ತದೆ. ಮೋಡ ಸರಿದು ನಕ್ಷತ್ರ ಕಂಡ ಮರುರಾತ್ರಿ ಪಾದರಸ ಧೊಪ್ಪನೆ ಬೀಳುತ್ತದೆ. ನಮ್ಮೂರಲ್ಲೂ ಹಾಗೇ ನೋಡಿ, ಡಿಸೆಂಬರ್‌ನಲ್ಲಿ ಚಂಡಮಾರುತದ ಮೋಡ ಕವಿದ ದಿನ ಜಡಿ ಇರುತ್ತದೆ, ಆದರೆ ಮೈ ಕೊರೆಯುವ ಚಳಿ ಬರುವುದು ಆಕಾಶ ತಿಳಿಯಾದ ಮೇಲೆ.

ಹಿಮ ಬೀಳದಿದ್ದರೆ ಮಾಡಿಕೊಳ್ಳಬಹುದು ಅನ್ನುವವರಿದ್ದಾರೆ. ಉತ್ತರಾಖಂಡದ ಔಲಿಯಲ್ಲಿ ಅದಕ್ಕಾಗಿಯೇ ಬೆಟ್ಟದ ಮೇಲೆ ಒಂದು ಕೆರೆ ಕಟ್ಟಿದ್ದಾರೆ. ನೀರನ್ನು ಒತ್ತಡದ ಗಾಳಿ ಜೊತೆ ಸಣ್ಣ ಹನಿಯಾಗಿ ಚಿಮ್ಮಿಸಿದರೆ ನೆಲ ಮುಟ್ಟುವ ಮೊದಲೇ ಹೆಪ್ಪುಗಟ್ಟುತ್ತದೆ. ಗಾಳಿ ಒಣಗಿದ್ದಷ್ಟೂ ಕೆಲಸ ಸುಲಭ. ಮಣ್ಣಿನ ಮಡಕೆಯ ನೀರು ಒಣ ಬೇಸಿಗೆಯಲ್ಲಿ ಚೆನ್ನಾಗಿ ತಣ್ಣಗಾಗುತ್ತದಲ್ಲ, ಅದೇ ಕಾರಣ. ಹನಿಯಿಂದ ಒಂದಿಷ್ಟು ಆವಿಯಾಗಿ, ಉಳಿದದ್ದರ ಕಾವನ್ನು ಕಿತ್ತುಕೊಂಡು ಹೋಗುತ್ತದೆ. ಆದರೆ ಹವೆಯೇ ಸೊನ್ನೆಗಿಂತ ಮೇಲಿದ್ದು ತೇವವೂ ಇದ್ದರೆ ಯಂತ್ರ ಏನೂ ಮಾಡಲಾರದು. ಒಂದು ಇಳಿಜಾರಿಗೆ ಸಾಕಾಗಬಹುದು, ಬೆಟ್ಟಕ್ಕಲ್ಲ.

ಇಷ್ಟು ಹೇಳಿ ಹಿಮಕುಸಿತದ ಮಾತು ಬಿಟ್ಟರೆ ತಪ್ಪಾಗುತ್ತದೆ. ತುಂಬಾ ದಿನ ಹಿಮ ಬೀಳದೆ, ಆಕಾಶ ಸ್ವಚ್ಛ ಇದ್ದು, ಚಳಿ ಮಾತ್ರ ಇದ್ದರೆ ನೆಲದ ಮೇಲಿರುವ ತೆಳು ಹಿಮ ಒಳಗೊಳಗೇ ಬದಲಾಗುತ್ತದೆ. ಹರಳುಗಳು ದಪ್ಪ ಸಕ್ಕರೆ ಕಾಳಿನಂತಾಗಿ ಒಂದಕ್ಕೊಂದು ಅಂಟುವುದನ್ನು ಬಿಡುತ್ತವೆ. ಅದರ ಮೇಲೆ ಒಮ್ಮೆಲೇ ಎರಡು ಮೂರು ಅಡಿ ಹೊಸ ಹಿಮ ಬಿತ್ತು ಅನ್ನಿ. ಸಾಸಿವೆ ಚೆಲ್ಲಿದ ನೆಲದ ಮೇಲೆ ಹಲಗೆ ಇಟ್ಟ ಹಾಗಾಯಿತು. ಒಬ್ಬರ ತೂಕ ಬಿದ್ದರೂ ಸಾಕು, ಇಡೀ ಪದರ ಕಿತ್ತು ಬರುತ್ತದೆ. 30ರಿಂದ 45 ಡಿಗ್ರಿ ಇಳಿಜಾರುಗಳಲ್ಲಿ ಇದು ಹೆಚ್ಚು. ಗಾಳಿ ಹಿಮವನ್ನು ದಿಣ್ಣೆಯ ಆಚೆ ಮಗ್ಗುಲಿಗೆ ಹೊತ್ತು ಹಾಕಿದರೆ ಅಪಾಯ ಇನ್ನೂ ಜಾಸ್ತಿ. 2023ರ ಫೆಬ್ರವರಿ 1ರಂದು ಗುಲ್ಮಾರ್ಗ್‌ನ ಅಫರ್ವತ್ ಬೆಟ್ಟದಲ್ಲಿ ಪೋಲೆಂಡಿನ ಇಬ್ಬರು ಸ್ಕೀ ಪ್ರವಾಸಿಗರು ಸತ್ತರು. 2025ರ ಫೆಬ್ರವರಿ 28ರಂದು ಬದರಿನಾಥದ ಹತ್ತಿರ ಮಾಣಾದಲ್ಲಿ ರಸ್ತೆ ಕೆಲಸದ ಎಂಟು ಕಾರ್ಮಿಕರು ಹೋದರು. ನಾನು ಖುಷಿಯಿಂದ ನೋಡಿ ಬಂದ ಆ ಮಾರ್ಚ್‌ನ ಹಿಮ ಸುರಿದದ್ದೂ ಅದೇ ದಿನಗಳಲ್ಲಿ. ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಕಷ್ಟ ಏನೆಂದರೆ, ತುಂಬಾ ದಿನ ಕಾಯಿಸಿ ಬಂದ ದೊಡ್ಡ ಹಿಮಕ್ಕೇ ಜನ ಮುಗಿಬೀಳುವುದು, ಅದೇ ಅತಿ ಅಪಾಯದ ಹೊತ್ತು. ಬಿದ್ದ ಮೇಲಿನ ಒಂದೆರಡು ದಿನ ಬಿಡಬೇಕು. ಚಂಡೀಗಢದಲ್ಲಿರುವ, ದೇಶದ ರಕ್ಷಣಾ ಸಂಶೋಧನೆ ನಡೆಸುವ ಡಿಆರ್‌ಡಿಒದ ಡಿಜಿಆರ್‌ಇ ಸಂಸ್ಥೆ ಹಿಮಕುಸಿತದ ಎಚ್ಚರಿಕೆ ಕೊಡುತ್ತದೆ. ಗುರುತು ಹಾಕಿದ ಗೆರೆಯ ಒಳಗೇ ಇರಿ ಅಂದರೆ ಇರಬೇಕು.

ಬೀದಿಯಲ್ಲಿ ಕೇಳಿದವರಿಗೆ ನಾನು ಈಗ ಹೇಳುವುದು ಇಷ್ಟು. ಕ್ರಿಸ್‌ಮಸ್ ರಜಾ ಒಂದೇ ದಾರಿಯಾದರೆ ಹೋಗಿ, ಆದರೆ ಹಿಮ ಸಿಕ್ಕೇ ಸಿಗುತ್ತದೆ ಅಂತ ಮಕ್ಕಳಿಗೆ ಮಾತು ಕೊಡಬೇಡಿ. ಆಗುವುದಾದರೆ ಫೆಬ್ರವರಿ ಎರಡನೇ ವಾರದ ಮೇಲೆ ಇಟ್ಟುಕೊಳ್ಳಿ. ಹೊರಡುವ ಐದಾರು ದಿನ ಮೊದಲು ಶ್ರೀನಗರದ ಹವಾಮಾನ ಕೇಂದ್ರದ ಮುನ್ಸೂಚನೆ ನೋಡಿ. ಎಷ್ಟು ಡಿಗ್ರಿ ಅಂತ ನೋಡುವ ಮೊದಲು ವೆಸ್ಟರ್ನ್ ಡಿಸ್ಟರ್ಬೆನ್ಸ್ ಅನ್ನುವ ಪದ ಹುಡುಕಿ. ಮೇಲೆ ಕನಿಷ್ಠ ಮೂರು ರಾತ್ರಿ ಇರಿ. ಹಿಮ ಬಿದ್ದ ದಿನ ತಂಗ್ಮಾರ್ಗ್ ರಸ್ತೆಯಲ್ಲಿ ಚಕ್ರಕ್ಕೆ ಸರಪಳಿ ಕಟ್ಟದ ಗಾಡಿ ಬಿಡುವುದಿಲ್ಲ, ಗಾಳಿ ಬೀಸಿದರೆ ಸುಮಾರು 3,950 ಮೀಟರ್‌ಗೆ ಹೋಗುವ ಗೊಂಡೋಲಾದ (ತಂತಿಯ ಮೇಲೆ ಹೋಗುವ ಕೇಬಲ್ ಕಾರ್) ಎರಡನೇ ಹಂತ ನಿಲ್ಲುತ್ತದೆ. ಒಂದು ದಿನ ಕೈಯಲ್ಲಿ ಇದ್ದರೆ ಇದ್ಯಾವುದೂ ತಲೆನೋವಲ್ಲ. ಕಪ್ಪು ಕನ್ನಡಕ ಮರೆಯಬೇಡಿ. ಹೊಸ ಹಿಮ ಬಿಸಿಲಿನ ನೂರಕ್ಕೆ ಎಂಬತ್ತು ಪಾಲಿಗಿಂತ ಹೆಚ್ಚನ್ನು ಕಣ್ಣಿಗೇ ತಿರುಗಿಸುತ್ತದೆ.

ಮಗುವಿಗೆ ಒಂದು ಕಪ್ಪು ಸ್ವೆಟರ್ ಹಾಕಿ ಅಂತಲೂ ಹೇಳುತ್ತೇನೆ. ಎರಡನೇ ಸಲ ಹೋದಾಗ ಒಂದು ಸಂಜೆ ಗಾಳಿ ಇಲ್ಲದೆ ಹಿಮ ಬೀಳುತ್ತಿತ್ತು. ಮಗಳು ತೋಳು ಚಾಚಿ ನಿಂತಿದ್ದಳು. ಕಪ್ಪು ಉಣ್ಣೆಯ ಮೇಲೆ ಒಂದು ಹರಳು ಬಂದು ಕೂತಿತು, ಎಳ್ಳಿನ ಕಾಳಿಗಿಂತ ತುಸು ದೊಡ್ಡದು. ಆರು ಕೈ, ಪ್ರತಿ ಕೈಗೂ ಸಣ್ಣ ಸಣ್ಣ ಗರಿ, ನಮ್ಮ ಅಂಗಳದ ಚುಕ್ಕಿ ರಂಗೋಲಿಯ ಹಾಗೆ. ನೀರಿನ ಕಣಗಳು ಹೆಪ್ಪುಗಟ್ಟುವಾಗ ಆರು ಮೂಲೆಯಾಗಿಯೇ ಜೋಡಿಸಿಕೊಳ್ಳುತ್ತವೆ, ಅದಕ್ಕೇ ಸಾಮಾನ್ಯವಾಗಿ ಆರು. ಅವಳು ಉಸಿರು ಬಿಗಿಹಿಡಿದು ಎಣಿಸಿದಳು. ಐದಕ್ಕೆ ಬರುವಷ್ಟರಲ್ಲಿ ಅದು ಕರಗಿತು. ಪಕ್ಕದಲ್ಲಿ ಇನ್ನೊಂದು ಬಂದು ಕೂತಿತು, ಮತ್ತೆ ಒಂದರಿಂದ ಶುರು ಮಾಡಿದಳು.